ಬರಲಿರುವ ಬಂಡಿ

ಕೂಸು ಹುಟ್ಟುವುದಕ್ಕೆ ಮುಂಚೆಯೇ ಕುಲಾವಿ ಹೊಲಿಸುವವರನ್ನು ಕಂಡು ನಗುವುದು ಲೋಕದ ವಾಡಿಕೆ. ಆದರೆ ಹೊಲಿಯುವ ಕೈಗಳಿಗೆ ಆ ಹೊತ್ತಿನಲ್ಲಿ ಆಗುವ ಸಂತೋಷವನ್ನು ಬಲ್ಲ ಗೃಹಿಣಿಯರು ಅಷ್ಟು ಸುಲಭವಾಗಿ ನಗಲಾರರು. ಈ ತಿಂಗಳು ನಾವು ವಾಚಕರ ಮುಂದಿಡಬೇಕೆಂದಿರುವುದು ಅಂಥದೇ ಒಂದು ಕುಲಾವಿಯ ವಿಚಾರ. ಕೂಸು ಮಾತ್ರ ಬೇರೆ ಜಾತಿಯದು: ೧೬.೫ ಮೀಟರು ಉದ್ದ, ೪೦ ಟನ್ನು ತೂಕದ ಲಾರಿ. ಅದೂ ಕಬ್ಬಿಣದ ಲಾರಿಯಲ್ಲ, ಕಂಪ್ಯೂಟರಿನ ತೆರೆಯ ಮೇಲೆ ಓಡತಕ್ಕ ಲಾರಿ. ಅದು ಇನ್ನೂ ಬಂದಿಲ್ಲ. ಬರುವುದೆಂದು ತಿಳಿದವರಾರೂ ಹೇಳಿಯೂ ಇಲ್ಲ. ಆದರೂ ಅದರ ಅಶ್ವಶಕ್ತಿಯೆಷ್ಟು, ಗಾಲಿಗಳೆಷ್ಟು, ಮುಖದ ಆಕಾರವೆಂಥದು ಎಂಬುದನ್ನು ಕುರಿತು ಹಲವು ದೇಶಗಳ ಜನರು ಹಗಲಿರುಳೂ ತರ್ಕ ನಡೆಸಿದ್ದಾರೆ. ಅಂಥವರಲ್ಲೊಬ್ಬನು ನಮ್ಮ ಮನೆಯಲ್ಲಿಯೇ ಇದ್ದಾನೆ.

ಆತನು ನಮ್ಮ ತಮ್ಮನ ಮಗ; ವಯಸ್ಸು ೧೭; ಓದಿಗಾಗಿ ನಮ್ಮಲ್ಲಿಯೇ ಇರುವನು. ಸಂಜೆಯ ಪಾಠ ಮುಗಿದ ಮೇಲೆ ಒಂದು ಗಂಟೆಯ ಹೊತ್ತು ಆಟವಾಡಲು ಅವನಿಗೆ ಅಪ್ಪಣೆಯುಂಟು. ಆ ಗಂಟೆಯಲ್ಲಿ ಅರ್ಧ ಲಾರಿ ನಡೆಸುವುದಕ್ಕೆ ಸಂದರೆ, ಉಳಿದರ್ಧವು ಇಬ್ಬರು ಗೆಳೆಯರೊಡನೆ ಕುಳಿತು ಮುಂದೆ ಬರಲಿರುವ ಲಾರಿಯನ್ನು ಚರ್ಚಿಸುವುದಕ್ಕೆ ಸಲ್ಲುವುದು. ಇದನ್ನು ಕಂಡು ನಾವು ಮೊದಮೊದಲು ನಕ್ಕೆವು. ಇರುವ ಆಟವನ್ನು ಆಡದೆ ಬಾರದ ಬಂಡಿಯ ಜಾತಕ ಬರೆಯುವುದು ಎಂಥ ವಿನೋದ ಎಂದು ಹಾಸ್ಯ ಮಾಡಿದೆವು. ಆ ನಗುವಿಗಾಗಿ ತರುವಾಯ ನಾವು ಪಶ್ಚಾತ್ತಾಪಪಡಬೇಕಾಯಿತು. ಅದು ಹೇಗೆಂಬುದನ್ನು ಹೇಳುವುದಕ್ಕೆ ಮುಂಚೆ, ಈ ಆಟದ ಪರಿಚಯವಿಲ್ಲದ ವಾಚಕರಿಗಾಗಿ ಒಂದೆರಡು ಮಾತುಗಳನ್ನು ಹೇಳಬೇಕಾಗಿದೆ.

ಯೂರೋಪಿನ ನಡುವೆ ಇರುವ ಚೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರದಲ್ಲಿ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆಯೊಂದುಂಟು. ೧೯೯೭ರಲ್ಲಿ ಹುಟ್ಟಿದ ಈ ಸಂಸ್ಥೆಯು ೨೦೦೮ರಲ್ಲಿ 'ಯೂರೋ ಟ್ರಕ್ ಸಿಮ್ಯುಲೇಟರ್' ಎಂಬ ಆಟವನ್ನೂ, ೨೦೧೨ರ ಅಕ್ಟೋಬರಿನಲ್ಲಿ ಅದರ ಎರಡನೆಯ ಅವತಾರವನ್ನೂ, ೨೦೧೬ರ ಫೆಬ್ರವರಿ ೨ರಂದು ಅಮೇರಿಕದ ರಸ್ತೆಗಳನ್ನುಳ್ಳ 'ಅಮೇರಿಕನ್ ಟ್ರಕ್ ಸಿಮ್ಯುಲೇಟರ್' ಎಂಬುದನ್ನೂ ಹೊರತಂದಿತು. ಈ ಆಟಗಳಲ್ಲಿ ಬಂದೂಕಿಲ್ಲ, ವೈರಿಯಿಲ್ಲ. ಒಂದೂರಿನ ಸರಕನ್ನು ಇನ್ನೊಂದೂರಿಗೆ ಕೊಂಡೊಯ್ದು, ಹೊತ್ತಿಗೆ ಸರಿಯಾಗಿ, ನಲುಗಿಸದೆ ಒಪ್ಪಿಸಬೇಕು, ಇಷ್ಟೇ ಕೆಲಸ. ಕೆಂಪು ದೀಪವನ್ನು ದಾಟಿದರೆ ದಂಡ. ವಿಶ್ರಾಂತಿಯಿಲ್ಲದೆ ಓಡಿಸಿದರೆ ಕಣ್ಣು ಕತ್ತಲಿಡುವುದು. ಎಣ್ಣೆ ತೀರಿದರೆ ನಡುದಾರಿಯಲ್ಲಿ ನಿಲ್ಲಬೇಕು. ಯೂರೋಪಿನ ೧೯ ಮೈಲಿಯ ದಾರಿಯನ್ನು ಒಂದು ಮೈಲಿಗೆ ಇಳಿಸುವ ಅಳತೆಯಲ್ಲಿ ಊರುಗಳನ್ನೂ ಹೆದ್ದಾರಿಗಳನ್ನೂ ರಚಿಸಿದ್ದಾರೆ. ಆಟಗಾರನು ಮೊದಲು ಪರರ ಲಾರಿ ಓಡಿಸಿ ಕೂಲಿ ಸಂಪಾದಿಸುವನು, ಆ ಮೇಲೆ ಸಾಲಮಾಡಿ ಸ್ವಂತ ಲಾರಿ ಕೊಳ್ಳುವನು, ಕಂತು ಕಟ್ಟುವನು, ಕೈ ನೆಟ್ಟಗಾದರೆ ಚಾಲಕರನ್ನು ನೇಮಿಸಿ ಯಜಮಾನನಾಗುವನು. ಇದನ್ನು ಕೇಳಿ ನಮ್ಮ ಮನೆಯಾಕೆಯು, "ಹಾಗಾದರೆ ಇದು ಹುಡುಗರ ಆಟವಲ್ಲ, ಸಂಸಾರಿಗಳ ಆಟ" ಎಂದಳು. ಅದೂ ನಿಜವೇ.

ಆಟದಲ್ಲಿ ಓಡುವ ಲಾರಿಗಳು ಕಲ್ಪನೆಯವಲ್ಲ. ಸ್ವೀಡನ್ನಿನ ಸ್ಕಾನಿಯಾ, ವೋಲ್ವೋ, ಜರ್ಮನಿಯ ಮಾನ್, ಮರ್ಸಿಡಿಸ್-ಬೆಂಝ್, ನೆದರ್ಲೆಂಡ್ಸಿನ ಡ್ಯಾಫ್, ಫ್ರಾನ್ಸಿನ ರೆನೋ, ಇಟಲಿಯ ಇವೆಕೋ, ಇವೆಲ್ಲ ನಿಜವಾದ ಕಾರ್ಖಾನೆಗಳ ನಿಜವಾದ ಲಾರಿಗಳು. ಹೊರಗಿನ ಮೈಕಟ್ಟು, ಒಳಗಿನ ಗುಂಡಿಗಳು, ಎಂಜಿನ್ನಿನ ದನಿ, ಎಲ್ಲವೂ ಮೂಲದಂತೆಯೇ ಇರಬೇಕೆಂಬುದು ಆಟಗಾರರ ಹಟ. ಒಂದೊಂದನ್ನೂ ಹೀಗೆ ತಿದ್ದಿ ತೀಡಿ ಮಾಡಬೇಕಾದುದರಿಂದ ಹೊಸ ಲಾರಿ ಅಪರೂಪಕ್ಕೊಮ್ಮೆ ಬರುವುದು. ಅಮೇರಿಕದ ಆಟವು ಹೊರಬಂದ ದಿನ ಅದರಲ್ಲಿದ್ದವು ಎರಡೇ ಲಾರಿಗಳು: ಕೆನ್‌ವರ್ತ್ ಟಿ ೬೮೦ ಮತ್ತು ಪೀಟರ್ಬಿಲ್ಟ್ ೫೭೯. ಉಳಿದವು ಒಂದೊಂದಾಗಿ ವರ್ಷಗಟ್ಟಳೆ ಬಂದವು. ಆದಕಾರಣ ಹೊಸ ಲಾರಿಯ ಆಗಮನವೆಂದರೆ ಸಣ್ಣ ಊರಿಗೆ ಹೊಸ ಸೊಸೆ ಬಂದಂತೆ. ಬರುವುದಕ್ಕೆ ಮುಂಚೆ ಆಕೆ ಹೇಗಿರಬಹುದೆಂಬ ಮಾತು, ಬಂದ ಮೇಲೆ ಬಾಗಿಲಲ್ಲಿ ನೂಕುನುಗ್ಗಲು.

ಒಂದು ಸಂಜೆ ಹೊರಗೆ ಮಳೆ ಹಿಡಿದು ಬೇರೆಲ್ಲಿಯೂ ಹೋಗಲಾರದೆ, ನಾವು ಆ ಮೂವರು ಹುಡುಗರ ಚರ್ಚೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕಾಯಿತು. ಕೇಳುತ್ತ ಕೇಳುತ್ತ ನಮ್ಮ ನಗು ಇಳಿಯಿತು. ಹಳೆಯ ಕಾಲದ ತರ್ಕಶಾಸ್ತ್ರದ ಪಾಠ ನಮಗೆ ನೆನಪಾಯಿತು. ನಮ್ಮ ನೈಯಾಯಿಕರು ತಿಳಿವಳಿಕೆಗೆ ನಾಲ್ಕು ದಾರಿಗಳನ್ನು ಹೇಳಿದ್ದಾರಷ್ಟೆ: ಕಣ್ಣಾರೆ ಕಾಣುವ ಪ್ರತ್ಯಕ್ಷ, ಹೊಗೆಯಿಂದ ಬೆಂಕಿಯನ್ನು ತಿಳಿಯುವ ಅನುಮಾನ, ಹೋಲಿಕೆಯಿಂದ ತಿಳಿಯುವ ಉಪಮಾನ, ನಂಬತಕ್ಕವರ ಮಾತಿನಿಂದ ತಿಳಿಯುವ ಶಬ್ದ. ಬಾರದ ಲಾರಿಗೆ ಪ್ರತ್ಯಕ್ಷವಂತೂ ಇಲ್ಲ. ಉಳಿದ ಮೂರನ್ನು ಈ ಹುಡುಗರು, ಅವುಗಳ ಹೆಸರನ್ನು ಕೂಡ ಕೇಳದವರು, ಎಷ್ಟು ಚೆನ್ನಾಗಿ ಉಪಯೋಗಿಸುತ್ತಿದ್ದರೆಂಬುದನ್ನು ಕಂಡು ನಮಗೆ ಸೋಜಿಗವಾಯಿತು.

ಮೊದಲು ಅನುಮಾನದ ಮಾತು. ನಮ್ಮ ಹುಡುಗನು ಡ್ಯಾಫ್ ಲಾರಿಯ ಉದಾಹರಣೆಯನ್ನು ತೆಗೆದುಕೊಂಡನು. ಯೂರೋಪಿನಲ್ಲಿ ಎಳೆಯುವ ಲಾರಿ, ಅದರ ಹಿಂದಿನ ಬಂಡಿ ಎರಡೂ ಕೂಡಿ ಸಾಮಾನ್ಯವಾಗಿ ೧೬.೫ ಮೀಟರನ್ನು ಮೀರಕೂಡದೆಂದು ಕಟ್ಟಳೆಯುಂಟು. ಚಾಲಕನ ಕೋಣೆಯನ್ನು ಒಂದು ಗೇಣು ಬೆಳೆಸಿದರೆ ಸರಕಿನ ಜಾಗದಲ್ಲಿ ಒಂದು ಗೇಣು ಕಳೆಯುವುದು. ಆದುದರಿಂದ ಅಲ್ಲಿಯ ಲಾರಿಗಳಿಗೆ ಮೂಗಿಲ್ಲ. ಎಂಜಿನ್ನಿನ ಮೇಲೆಯೇ ಚಾಲಕನನ್ನು ಕೂರಿಸಿ ಮುಖವನ್ನು ಚಪ್ಪಟೆಯಾಗಿ ಮಾಡಿದ್ದಾರೆ. ಅಮೇರಿಕದಲ್ಲಿಯಾದರೋ, ಪ್ರಧಾನ ಹೆದ್ದಾರಿಗಳಲ್ಲಿ ಇಡೀ ಗಾಡಿಯ ಒಟ್ಟು ಉದ್ದವನ್ನು ರಾಜ್ಯಗಳು ಮಿತಗೊಳಿಸಕೂಡದೆಂದು ೧೯೮೨ರಲ್ಲಿ ಕಾಯಿದೆಯಾಯಿತು. ಹಿಂದಿನ ಬಂಡಿಯನ್ನು ಮಾತ್ರ ಅಳೆಯುವರು. ಆದುದರಿಂದ ಅಲ್ಲಿಯ ಲಾರಿಗಳು ಉದ್ದ ಮೂಗನ್ನು ಚಾಚಿಕೊಂಡು ಓಡುವುವು. ಹೀಗಿರಲು ೨೦೧೫ರಲ್ಲಿ ಯೂರೋಪಿನವರು ತಮ್ಮ ಕಟ್ಟಳೆಯನ್ನು ತಿದ್ದಿ, ಗಾಳಿಯನ್ನು ಸುಲಭವಾಗಿ ಸೀಳುವ, ಪಾದಚಾರಿಗಳಿಗೆ ಅಪಾಯ ಕಡಮೆಯಾಗುವ ಆಕಾರವುಳ್ಳದ್ದಾದರೆ ಕೋಣೆಯು ಸ್ವಲ್ಪ ಉದ್ದವಾಗಬಹುದೆಂದು ಅನುಮತಿಯಿತ್ತರು. ೨೦೨೦ರ ಸೆಪ್ಟೆಂಬರಿನಿಂದ ಅಂಥವು ರಸ್ತೆಗಿಳಿಯಬಹುದಾಯಿತು. ೨೦೨೧ರ ಜೂನ್ ೯ರಂದು ಡ್ಯಾಫ್ ಕಾರ್ಖಾನೆಯವರು ಮುಂದೆ ೧೬೦ ಮಿಲಿಮೀಟರು ಬೆಳೆದ, ಎಕ್ಸ್‌ಜಿ ಎಂಬ ಬಗೆಯಲ್ಲಿ ಹಿಂದೆಯೂ ೩೩೦ ಮಿಲಿಮೀಟರು ಬೆಳೆದ ಹೊಸ ಲಾರಿಗಳನ್ನು ಜಗತ್ತಿಗೆ ತೋರಿಸಿದರು. "ಕಾಯಿದೆಯನ್ನು ಓದಿದವನಿಗೆ ಇದು ಮೊದಲೇ ಗೊತ್ತಿರುತ್ತಿತ್ತು" ಎಂದನು ನಮ್ಮ ಹುಡುಗ. ಕಾಯಿದೆ ಹೊಗೆ, ಲಾರಿ ಬೆಂಕಿ. ಗೌತಮ ಮಹರ್ಷಿಯೂ ಒಪ್ಪತಕ್ಕ ಅನುಮಾನವಿದು.

ಎರಡನೆಯ ಗೆಳೆಯನು ಇನ್ನೊಂದು ಹೇತುವನ್ನು ತಂದನು. ಲಾರಿಯನ್ನು ಬರೆಯಬಲ್ಲ ಕಲಾವಿದರಿದ್ದರೆ ಸಾಲದು. ಆ ಹೆಸರನ್ನೂ ಲಾಂಛನವನ್ನೂ ಬಳಸಲು ಕಾರ್ಖಾನೆಯ ಒಪ್ಪಿಗೆ ಬೇಕು. ೨೦೧೨ರಲ್ಲಿ ಆಟ ಹೊರಬಂದಾಗ ಮರ್ಸಿಡಿಸ್-ಬೆಂಝ್ ಲಾರಿಯನ್ನು ಹೋಲುವ ಲಾರಿಯೊಂದು ಅದರಲ್ಲಿತ್ತು. ಆದರೆ ಅದರ ಹೆಸರು 'ಮೆಜೆಸ್ಟಿಕ್' ಎಂದಿತ್ತು. ಒಪ್ಪಂದವಾದ ಮೇಲೆಯೇ, ಕೆಲವು ವರ್ಷಗಳ ತರುವಾಯ, ಅದು ತನ್ನ ನಿಜವಾದ ಹೆಸರಿನಿಂದ ಓಡಲಾರಂಭಿಸಿತು. ಅಜ್ಞಾತವಾಸ ಮುಗಿಸಿದ ಪಾಂಡವರಂತೆ ಎನ್ನಬಹುದು. ಆದುದರಿಂದ ಯಾವ ಕಾರ್ಖಾನೆಗೂ ಆಟದವರಿಗೂ ಸ್ನೇಹವುಂಟು, ಯಾವುದಕ್ಕೆ ಇಲ್ಲ ಎಂಬುದನ್ನು ನೋಡದೆ ಊಹಿಸುವುದು ವ್ಯರ್ಥವೆಂದು ಆ ಹುಡುಗನ ವಾದ. ಕನ್ಯೆಯ ಕಡೆಯವರ ಒಪ್ಪಿಗೆಯಿಲ್ಲದೆ ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸುವವರುಂಟೆ?

ಮೂರನೆಯವನು ಹಿಂದೆ ನಡೆದುದನ್ನು ಹಿಡಿದು ಮುಂದೆ ನಡೆಯುವುದನ್ನು ಹೇಳಲು ಹೊರಟನು. ಸ್ಕಾನಿಯಾದವರು ತಮ್ಮ ಹೊಸ ಪೀಳಿಗೆಯ ಲಾರಿಯನ್ನು ಪ್ಯಾರಿಸ್ಸಿನಲ್ಲಿ ೨೦೧೬ರ ಆಗಸ್ಟಿನಲ್ಲಿ ತೋರಿಸಿದರು. ಅದು ಆಟದೊಳಕ್ಕೆ ಬಂದುದು ೨೦೧೮ರಲ್ಲಿ. ಹಾಗಾದರೆ ನಿಜವಾದ ಲಾರಿ ಹೊರಬಂದು ಎರಡು ವರ್ಷವಾಗಬೇಕೆಂದು ಲೆಕ್ಕ. ಇದನ್ನು ಕೇಳಿ ನಮ್ಮ ಹುಡುಗನು ನಕ್ಕು, ೨೦೨೧ರ ಜೂನಿನಲ್ಲಿ ಡ್ಯಾಫ್ ಎಕ್ಸ್‌ಜಿ ಜಗತ್ತಿಗೆ ಕಂಡ ತಿಂಗಳಿನಲ್ಲಿಯೇ ಆಟದಲ್ಲಿಯೂ ಕಂಡಿತಲ್ಲ, ಆಗ ನಿನ್ನ ಎರಡು ವರ್ಷ ಎಲ್ಲಿಗೆ ಹೋಯಿತು ಎಂದನು. ಒಂದು ಪೂರ್ವೋದಾಹರಣೆ ಎರಡು ವರ್ಷ ಕಾಯಿರಿ ಎನ್ನುವುದು. ಇನ್ನೊಂದು, ಕಾಯುವ ಕೆಲಸವೇ ಇಲ್ಲ ಎನ್ನುವುದು. ಮೇಲಾಗಿ ಎಲ್ಲರೂ ಅಶ್ವಶಕ್ತಿಯನ್ನೇ ಎಣಿಸುತ್ತಿದ್ದಾಗ, ಸ್ಕಾನಿಯಾದ ೭೭೦ ಹೆಚ್ಚೋ ವೋಲ್ವೋದ ೭೮೦ ಹೆಚ್ಚೋ ಎಂದು ಜಗಳವಾಡುತ್ತಿದ್ದಾಗ, ೨೦೨೪ರಲ್ಲಿ ಬಂದುದೊಂದು ಗುಡುಗುವ ಲಾರಿಯೇ ಅಲ್ಲ. ಎಣ್ಣೆಯಿಲ್ಲದೆ ವಿದ್ಯುತ್ತಿನಿಂದ ಸದ್ದಿಲ್ಲದೆ ಓಡತಕ್ಕ ರೆನೋ ಲಾರಿ. ಹೋಲಿಕೆಯಿಂದ ತಿಳಿಯುವುದಕ್ಕೂ ಒಂದು ಮೇರೆಯುಂಟೆಂಬುದನ್ನು ಹುಡುಗರು ತಾವಾಗಿಯೇ ಕಂಡುಕೊಂಡರು.

ಇಷ್ಟರ ಮಟ್ಟಿಗೆ ಎಲ್ಲವೂ ಸೊಗಸು. ಆದರೆ ತರ್ಕಶಾಸ್ತ್ರವು ಹೊಗೆಯನ್ನು ಹೇಳಿ ಸುಮ್ಮನಾಗಲಿಲ್ಲ. ಬೆಳಗಿನ ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಟ್ಟಕ್ಕೆ ಬೆಂಕಿ ಬಿದ್ದಿದೆಯೆಂದು ಕೂಗುವವನ ವಿಚಾರವನ್ನೂ ಹೇಳಿದೆ. ಹುಡುಗರ ಮಾತಿನಲ್ಲಿ ಮಂಜೂ ಧಾರಾಳವಾಗಿತ್ತು. ಆಟದ ಸಂಸ್ಥೆಯವರು ಹೊಸ ಲಾರಿಯನ್ನು ಹೊರತರುವ ಮುಂಚೆ ಕೆಲವೊಮ್ಮೆ ಅದರ ಒಂದು ದೀಪವನ್ನೋ ಒಂದು ಅಂಚನ್ನೋ ಮಾತ್ರ ಚಿತ್ರದಲ್ಲಿ ತೋರಿಸಿ ಕುತೂಹಲ ಹುಟ್ಟಿಸುವುದುಂಟು. ಅದನ್ನು ಕಂಡು ರೂಢಿಯಾದವರು ಎಲ್ಲ ಚಿತ್ರಗಳಲ್ಲಿಯೂ ಗುಟ್ಟನ್ನು ಹುಡುಕತೊಡಗುವರು. ಮರದ ನೆರಳಿನಲ್ಲಿ ಲಾರಿಯ ಮೂಗು ಕಾಣುವುದು. ಸಂಸ್ಥೆಯವರು ಮಾತನಾಡದಿದ್ದರೆ 'ಅಡಗಿಸುತ್ತಿದ್ದಾರೆ' ಎಂದೂ, ಮಾತನಾಡಿ ಅಲ್ಲವೆಂದರೆ 'ಹಾಗೆನ್ನಲೇಬೇಕಲ್ಲ' ಎಂದೂ ಅರ್ಥ ಮಾಡುವರು. ಹೌದೆಂದರೂ ಹೌದು, ಅಲ್ಲವೆಂದರೂ ಹೌದು ಎಂಬ ಸ್ಥಿತಿಗೆ ಬಂದ ಮೇಲೆ ಅದು ಊಹೆಯಲ್ಲ. ಆಸೆ ಊಹೆಯ ಅಂಗಿಯನ್ನು ತೊಟ್ಟುಕೊಂಡಿದೆ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವನು ದಡ್ಡನಾಗಿರಲಿಲ್ಲ. ಅವನಿಗೆ ಕರು ಬೇಕಾಗಿದ್ದಿತು, ಅಷ್ಟೆ.

ನಾಲ್ಕನೆಯ ಪ್ರಮಾಣವಾದ ಶಬ್ದ, ಎಂದರೆ ಆಪ್ತರ ಮಾತು, ಉಳಿಯಿತು. ನಮ್ಮ ಮನೆಗೆ ಪೆಟ್ಟು ಬಿದ್ದುದು ಇದರಲ್ಲಿಯೇ.

ಕಳೆದ ವರ್ಷದ ದಸರೆಯ ರಜೆಯಲ್ಲಿ ಯಾರೋ ಅಪರಿಚಿತನು ನಮ್ಮ ಹುಡುಗನಿಗೆ ಒಂದು ಕಡತವನ್ನು ಕಳುಹಿಸಿದನು. ಎಲ್ಲರೂ ಕಾಯುತ್ತಿದ್ದ ಲಾರಿಯ ಹೆಸರು ಅದರ ಮೇಲಿತ್ತು. 'ಇದು ಒಳಗಿನಿಂದ ಸಿಕ್ಕಿದೆ, ಇನ್ನೂ ಹೊರಬಂದಿಲ್ಲ, ನಿನಗೆ ಮಾತ್ರ' ಎಂದು ಒಕ್ಕಣೆ. ಆಟಗಾರರು ತಾವೇ ಲಾರಿಗಳನ್ನು ರಚಿಸಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಪದ್ಧತಿ ಈ ಆಟದಲ್ಲಿ ಮೊದಲಿನಿಂದ ಇರುವುದರಿಂದ ಹುಡುಗನಿಗೆ ಸಂದೇಹ ಬರಲಿಲ್ಲ. ತಿಂಗಳುಗಟ್ಟಳೆ ತಾನು ಊಹಿಸಿದ್ದು ನಿಜವಾಯಿತೆಂಬ ಸಂಭ್ರಮದಲ್ಲಿ ಅದನ್ನು ತೆರೆದನು. ಲಾರಿ ಬರಲಿಲ್ಲ. ಅರ್ಧ ಗಂಟೆಯೊಳಗೆ ಕಂಪ್ಯೂಟರಿನಲ್ಲಿದ್ದ ಕಾಗದಪತ್ರಗಳಿಗೂ ಚಿತ್ರಗಳಿಗೂ ಬೀಗಮುದ್ರೆ ಬಿದ್ದಂತಾಗಿ ಒಂದೂ ತೆರೆಯದಾಯಿತು. ಹಣ ಕಳುಹಿಸಿದರೆ ಬಿಡಿಸಿಕೊಡುವೆವೆಂಬ ಬೆದರಿಕೆಯ ಬರೆಹ ತೆರೆಯ ಮೇಲೆ ಮೂಡಿತು.

ಲೆಕ್ಕಪತ್ರಗಳನ್ನು ಮತ್ತೆ ಬರೆದುಕೊಂಡೆವು. ಚಿತ್ರಗಳು ಬಂಧುಗಳಲ್ಲಿ ಕೆಲವು ದೊರೆತುವು. ಆದರೆ ನಮ್ಮ ತಾಯಿಯವರು ತೀರಿಕೊಳ್ಳುವುದಕ್ಕೆ ಹಿಂದಿನ ವರ್ಷ ಹಾಡಿದ್ದ ೩೧ ಸೋಬಾನೆ ಪದಗಳನ್ನು ಅವರ ಕಂಠದಲ್ಲಿಯೇ ಆ ಯಂತ್ರದಲ್ಲಿ ಇರಿಸಿದ್ದೆವು. ಹಿಂದೊಮ್ಮೆ ತಂಗಿಗೆ ಕಳುಹಿಸಿದ್ದ ೯ ಪದಗಳು ಉಳಿದುವು. ಮಿಕ್ಕ ೨೨ ಹೋದುವು. ಹಣ ಕೊಡಲಿಲ್ಲ; ಕೊಟ್ಟರೂ ಕಳ್ಳನು ಮಾತು ಉಳಿಸಿಕೊಳ್ಳುವನೆಂಬುದಕ್ಕೆ ಆಧಾರವಿರಲಿಲ್ಲ. ಪೋಲೀಸರಿಗೆ ದೂರನ್ನು ಕೊಟ್ಟೆವು.

ಆ ರಾತ್ರಿ ಹುಡುಗನು ಊಟ ಮಾಡಲಿಲ್ಲ. ಅವನನ್ನು ಗದರಿಸಬೇಕೆಂದು ಎದ್ದ ನಮಗೆ ಬಾಯಿ ಬರಲಿಲ್ಲ. ಏಕೆಂದರೆ ಗದರಿಸತಕ್ಕ ಇನ್ನೊಬ್ಬನೂ ಆ ಮನೆಯಲ್ಲಿದ್ದನು. ಬೆಲೆಬಾಳುವ ವಸ್ತುವಿನ ಒಂದೇ ಪ್ರತಿಯನ್ನು ಎಲ್ಲರೂ ಬಳಸುವ ಯಂತ್ರದಲ್ಲಿ ಇಟ್ಟವರು ನಾವು. ಅದಕ್ಕಿಂತಲೂ ದೊಡ್ಡ ತಪ್ಪೊಂದುಂಟು. "ಕಡತ ಬಂದಾಗ ನಮ್ಮನ್ನೇಕೆ ಕೇಳಲಿಲ್ಲ?" ಎಂದು ಮರುದಿನ ಕೇಳಿದುದಕ್ಕೆ ಹುಡುಗನು ತಲೆ ತಗ್ಗಿಸಿ, "ನೀವು ನಗುತ್ತಿದ್ದಿರಿ" ಎಂದನು. ನಾವು ಅವನ ಊಹೆಯನ್ನು ವಿನೋದವೆಂದು ಬಗೆದು ಬಾಗಿಲು ಹಾಕಿಕೊಂಡಿದ್ದೆವು. ಅದನ್ನು ಗಂಭೀರವಾಗಿ ಕೇಳಿದವನು ಆ ಅಪರಿಚಿತನೊಬ್ಬನೇ. ಹುಡುಗರ ಆಸೆಯನ್ನು ಮನೆಯವರು ಅರಿಯದಿದ್ದರೆ ಹೊರಗಿನವರು ಅರಿತುಕೊಳ್ಳುವರು, ಅರಿತವರೆಲ್ಲರೂ ಹಿತವರಲ್ಲ. ನಾವು ಈ ಸಂಗತಿಯನ್ನು ಬರೆಯುತ್ತಿರುವುದು ಇದೊಂದು ಮಾತಿಗಾಗಿ.

ಇದಾದ ಒಂದು ವಾರಕ್ಕೆ ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ವೃದ್ಧ ಚಾಲಕರು ಸಮಾಧಾನ ಹೇಳಲು ಬಂದರು. ಹುಬ್ಬಳ್ಳಿಗೂ ಮುಂಬಯಿಗೂ ನಡುವೆ ೨೬ ವರ್ಷ ಲಾರಿ ಓಡಿಸಿದವರು. ಹುಡುಗರು ಸಂಕೋಚದಿಂದಲೇ ತಮ್ಮ ಲಾರಿಗಳ ಚಿತ್ರಗಳನ್ನು ತೋರಿಸಿದರು, ಅಶ್ವಶಕ್ತಿಯನ್ನು ಹೇಳಿದರು, ಆರು ಗಾಲಿಗಳಲ್ಲಿ ನಾಲ್ಕಕ್ಕೆ ಯಂತ್ರಬಲ ಮುಟ್ಟುವ ಬಗೆಯನ್ನು ವಿವರಿಸಿದರು. ಅವರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಮಲಗುವುದಕ್ಕೆ ಜಾಗವಿದೆಯೆ?" ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಷ್ಟು ದಿನದ ಚರ್ಚೆಯಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಹುಡುಗನು ನಿಧಾನವಾಗಿ, ಡ್ಯಾಫ್ ಎಕ್ಸ್‌ಜಿಯ ಕೋಣೆಯನ್ನು ಹಿಂದಕ್ಕೆ ೩೩೦ ಮಿಲಿಮೀಟರು ಬೆಳೆಸಿದುದರಿಂದ ಅಗಲವಾದ ಹಾಸಿಗೆಗೂ ಓಡಾಟಕ್ಕೂ ಎಡೆಯಾಯಿತೆಂದು ತಿಳಿಸಿದನು. "ಹಾಗಾದರೆ ಅದು ಒಳ್ಳೆಯ ಲಾರಿ" ಎಂದರು ಹಿರಿಯರು. ತಾವು ಸೀಟಿನ ಹಿಂದಿನ ಹಲಗೆಯ ಮೇಲೆ ಕಾಲು ಮಡಿಸಿ ಮಲಗಿದ ರಾತ್ರಿಗಳನ್ನು ನೆನೆದುಕೊಂಡರು.

ಊಹೆಯ ಚಟ ಹುಡುಗರಿಗೆ ಮಾತ್ರ ಇರುವುದಲ್ಲವೆಂಬುದೂ ಅವರಿಂದ ನಮಗೆ ತಿಳಿಯಿತು. ಚಾಲಕರ ಕೋಣೆಗೆ ತಂಪುಯಂತ್ರ ಬರುವುದಂತೆ ಎಂಬ ಮಾತು ಹೆದ್ದಾರಿಯ ಚಹದಂಗಡಿಗಳಲ್ಲಿ ವರ್ಷಗಟ್ಟಳೆ ಓಡಾಡುತ್ತಿತ್ತಂತೆ. ಇಂದು ಬರುವುದು, ನಾಳೆ ಬರುವುದು ಎಂದು ಎಷ್ಟೋ ಬಾರಿ ಕೇಳಿ ಎಷ್ಟೋ ಬಾರಿ ನಿರಾಶರಾದರಂತೆ. ಕೊನೆಗೆ ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಚಾಲಕರ ಕೋಣೆಗೆ ತಂಪುಯಂತ್ರವಿರಲೇಬೇಕೆಂದು ೨೦೨೩ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಆಜ್ಞೆ ಹೊರಡಿಸಿತು. "ನನ್ನ ಕಾಲಕ್ಕೆ ಬರಲಿಲ್ಲ, ಆದರೆ ಬಂತು" ಎಂದು ಅವರು ನಕ್ಕರು. ನಮ್ಮ ಹುಡುಗನು ಆಗ, "ಅಷ್ಟು ಜನ ಅಷ್ಟು ಮಾತು ಹೇಳುತ್ತಿದ್ದಾಗ ಯಾರ ಮಾತನ್ನು ನಂಬುತ್ತಿದ್ದಿರಿ?" ಎಂದು ಕೇಳಿದನು.

ಅದಕ್ಕೆ ಅವರು ಕೊಟ್ಟ ಉತ್ತರವಿದು: "ತಮ್ಮಾ, ರಾತ್ರಿಯ ಹೊತ್ತು ಘಟ್ಟದ ದಾರಿಯಲ್ಲಿ ಮುಂದೆ ಸೇತುವೆ ಕೊಚ್ಚಿಹೋಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನಾನು ಎದುರಿನಿಂದ ಬಂದ ಗಾಡಿಯವನನ್ನು ಕೇಳುತ್ತಿದ್ದೆ. ನನ್ನ ಹಿಂದೆ ಬರುತ್ತಿದ್ದವನನ್ನು ಕೇಳುತ್ತಿರಲಿಲ್ಲ. ಅವನು ಒಳ್ಳೆಯವನೇ ಇರಬಹುದು, ಬುದ್ಧಿವಂತನೇ ಇರಬಹುದು. ಆದರೆ ಅವನು ಆ ದಾರಿಯನ್ನು ಇನ್ನೂ ನೋಡಿಲ್ಲ."

ಆಪ್ತನೆಂದರೆ ಯಾರೆಂಬುದಕ್ಕೆ ನಾವು ಓದಿದ ಗ್ರಂಥಗಳಲ್ಲಿ ಇಷ್ಟು ತಿಳಿಯಾದ ಲಕ್ಷಣವನ್ನು ಕಂಡಿಲ್ಲ. ಹೊಸ ಲಾರಿಯ ವಿಚಾರದಲ್ಲಿ ಎದುರಿನಿಂದ ಬರುವವನು ಯಾರು? ಆಟವನ್ನು ಮಾಡುವ ಸಂಸ್ಥೆ, ಲಾರಿಯನ್ನು ಮಾಡುವ ಕಾರ್ಖಾನೆ, ಇವರಿಬ್ಬರೇ. ಮಿಕ್ಕವರೆಲ್ಲರೂ, ಎಷ್ಟೇ ವಿಶ್ವಾಸದಿಂದ ಹೇಳಲಿ, ನಮ್ಮೊಡನೆಯೋ ನಮ್ಮ ಹಿಂದೆಯೋ ಬರುತ್ತಿರುವವರು. ಅವರೊಡನೆ ಹರಟೆ ಹೊಡೆಯಬಹುದು. ಅವರ ಮಾತನ್ನು ನಂಬಿ ಸೇತುವೆಯ ಮೇಲೆ ಗಾಡಿ ಹತ್ತಿಸಬಾರದು. 'ಒಳಗಿನಿಂದ ಸಿಕ್ಕಿತು' ಎನ್ನುವವನಂತೂ ಎದುರಿನಿಂದ ಬಂದವನ ವೇಷ ಹಾಕಿಕೊಂಡವನು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ್ದಾರೆ. ಕಾಣದುದನ್ನು ಪ್ರಮಾಣಿಸದೆ ನಂಬಬಹುದೆ?

ಈಗ ನಮ್ಮ ಮನೆಯಲ್ಲಿ ಮೂರು ಏರ್ಪಾಡುಗಳಾಗಿವೆ. ಬೆಲೆಬಾಳುವ ಕಾಗದಪತ್ರ, ಚಿತ್ರ, ಧ್ವನಿ ಯಾವುದೇ ಆಗಲಿ, ಇನ್ನೊಂದು ಪ್ರತಿಯನ್ನು ತೆಗೆದು, ಯಂತ್ರಕ್ಕೆ ಸೇರಿಸದೆ, ಬೀರುವಿನಲ್ಲಿಡುವುದು ಮೊದಲನೆಯದು. ಆಟಕ್ಕೆ ಸಂಬಂಧಪಟ್ಟ ಯಾವುದನ್ನೂ ಆಟದ ಸಂಸ್ಥೆಯವರು ಗೊತ್ತುಮಾಡಿದ ಎಡೆಯಿಂದಲ್ಲದೆ ಬೇರೆ ಕಡೆಯಿಂದ ತೆಗೆದುಕೊಳ್ಳದಿರುವುದು ಎರಡನೆಯದು. ಮೂರನೆಯದನ್ನು ಹುಡುಗನೇ ಕಂಡುಹಿಡಿದನು. ಒಂದು ನೋಟುಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಗೀಚಿ, ಊಹೆ ಏನು, ಅದಕ್ಕೆ ಆಧಾರವೇನು, ಹೇಳಿದವನು ಎದುರಿನಿಂದ ಬಂದವನೋ ಹಿಂದಿನವನೋ, ಕೊನೆಗೆ ಏನಾಯಿತು ಎಂದು ಬರೆಯುತ್ತ ಬಂದಿದ್ದಾನೆ. ಇದುವರೆಗೆ ಬರೆದ ೧೪ ಊಹೆಗಳಲ್ಲಿ ನಿಜವಾದುವು ೩, ಸುಳ್ಳಾದುವು ೬, ಉಳಿದ ೫ಕ್ಕೆ ಕೊನೆಯ ಅಂಕಣ ಖಾಲಿಯಾಗಿದೆ. ಸುಳ್ಳಾದ ಆರರಲ್ಲಿ ಐದಕ್ಕೆ ಆಧಾರದ ಅಂಕಣದಲ್ಲಿ 'ಬಂದರೆ ಚೆನ್ನಾಗಿತ್ತು' ಎಂದಷ್ಟೇ ಬರೆದಿರುವುದನ್ನು ಅವನೇ ನಮಗೆ ತೋರಿಸಿ ನಕ್ಕನು.

ಊಹೆಯನ್ನು ಬಿಡಬೇಕೆಂದು ನಾವು ಅವನಿಗೆ ಹೇಳಲಿಲ್ಲ. ವಾಚಕರೂ ತಮ್ಮ ಮನೆಯ ಮಕ್ಕಳಿಗೆ ಹಾಗೆ ಹೇಳಬಾರದೆಂದು ಬೇಡುತ್ತೇವೆ. ತನ್ನದಲ್ಲದ, ತಾನು ಎಂದೂ ಏರದ ಲಾರಿಗಾಗಿ ಒಬ್ಬ ಹುಡುಗನು ಪರದೇಶದ ಕಾಯಿದೆಯನ್ನು ಓದುವನೆಂದರೆ, ಎಂಜಿನ್ನಿನ ಗುಣವನ್ನು ಅರಿಯುವನೆಂದರೆ, ಎರಡು ಸಾಕ್ಷಿಗಳನ್ನು ಎದುರುಬದುರು ಇಟ್ಟು ತೂಗುವನೆಂದರೆ, ಆ ಪ್ರೀತಿಯನ್ನು ನಾವು ಕೆಡಿಸಬಾರದು. ನಾವು ಮಾಡತಕ್ಕದ್ದು ಬಹು ಸ್ವಲ್ಪ: ಸಂಜೆಯ ಹೊತ್ತು ಕಾಲು ಗಂಟೆ ಪಕ್ಕದಲ್ಲಿ ಕುಳಿತು, ನಗದೆ, 'ನಿನಗೆ ಇದನ್ನು ಹೇಳಿದವನು ಆ ದಾರಿಯನ್ನು ನೋಡಿದವನೆ?' ಎಂದು ಕೇಳುವುದು.

ನಮ್ಮ ತಂಗಿಯು ಉಳಿದ ಆ ೯ ಪದಗಳನ್ನು ಕಳೆದ ತಿಂಗಳು ನಮಗೆ ಮರಳಿ ಕಳುಹಿಸಿದಳು. ಅವುಗಳ ಮೂರು ಪ್ರತಿಗಳನ್ನು ಮಾಡಿದವನು ನಮ್ಮ ಹುಡುಗನೇ. ಆ ಸಂಜೆ ಲಾರಿಯ ಚರ್ಚೆಯಿರಲಿಲ್ಲ. ಮನೆಯವರೆಲ್ಲರೂ ಕೂಡಿ ಕುಳಿತು ತಾಯಿಯವರ ಹಾಡನ್ನು ಕೇಳಿದೆವು. ಮರುದಿನ ಗೆಳೆಯರು ಬಂದರು, ಚರ್ಚೆ ಮೊದಲಾಯಿತು. ಮುಂದಿನದು ಯಾವ ಲಾರಿಯೆಂಬುದನ್ನು ಕುರಿತು ನಮ್ಮದೂ ಒಂದು ಊಹೆಯುಂಟು. ಅದನ್ನು ನೋಟುಪುಸ್ತಕದಲ್ಲಿ ಬರೆಯಿಸಿದ್ದೇವೆ. ಆಧಾರದ ಅಂಕಣ ಮಾತ್ರ ಇನ್ನೂ ತುಂಬಿಲ್ಲ.